ಸಹಾಯ ಬೇಕು: 1930ರ ದಶಕದ ‘ಆನಂದ ವಿಕಟನ್’ ಸಂಚಿಕೆಗಳು

ನಮಸ್ಕಾರ. ತಮಿಳಿನ ‘ಆನಂದ ವಿಕಟನ್’ ಪತ್ರಿಕೆಯ ಮೊದಲ ವರ್ಷಗಳ ಬಗ್ಗೆ ಬರೆಯುತ್ತಿದ್ದೇನೆ. 1926ರಲ್ಲಿ ಶುರುವಾದ ಇದನ್ನು 1928ರಲ್ಲಿ ಎಸ್.ಎಸ್. ವಾಸನ್ ಕೊಂಡರು. ಮುಂದೆ ಜೆಮಿನಿ ಸ್ಟುಡಿಯೋ ಕಟ್ಟಿದವರು ಇವರೇ. ಕಲ್ಕಿಯವರ ಬರಹ, ಮಾಲಿಯವರ ವ್ಯಂಗ್ಯಚಿತ್ರ, ಪದಬಂಧ ಸ್ಪರ್ಧೆ ಎಲ್ಲ ಸೇರಿ ಪತ್ರಿಕೆ ಮನೆಮಾತಾಯಿತು.

ನನಗೆ ಮುಖ್ಯವಾಗಿ ಬೇಕಿರುವುದು ಕಲ್ಕಿಯವರ ‘ತ್ಯಾಗಭೂಮಿ’ ಧಾರಾವಾಹಿಯ ಸಂಚಿಕೆಗಳು. ಅದೇ ಕಥೆಯ ಸಿನಿಮಾ ತಯಾರಾಗುತ್ತಿದ್ದಾಗಲೇ ಅದರ ಫೋಟೋಗಳ ಜೊತೆ ಕಂತುಗಳು ಬರುತ್ತಿದ್ದವು. ಆ ಕಾಲಕ್ಕೆ ಎಂಥ ಹೊಸ ಯೋಚನೆ, ಅಲ್ವಾ? 1939ರಲ್ಲಿ ತೆರೆಕಂಡ ಆ ಸಿನಿಮಾವನ್ನು ಬ್ರಿಟಿಷ್ ಸರ್ಕಾರ ನಿಷೇಧಿಸಿತು.

ಯಾರ ಮನೆಯಲ್ಲಾದರೂ ಬೈಂಡ್ ಮಾಡಿಸಿಟ್ಟ ಹಳೆ ಪ್ರತಿ ಇದ್ದರೆ ಪುಟಗಳ ಫೋಟೋ ಕಳಿಸುತ್ತೀರಾ? ಚೆನ್ನೈನ ರೋಜಾ ಮುತ್ತಯ್ಯ ಗ್ರಂಥಾಲಯದಲ್ಲಿ ಹಳೆ ಪತ್ರಿಕೆ ನೋಡಿದವರಿದ್ದರೆ, ಮೊದಲೇ ಅನುಮತಿ ಬೇಕಾ ತಿಳಿಸಿ. ನಾನು ತಮಿಳು ಓದುವುದು ತುಂಬಾ ನಿಧಾನ. ಜೊತೆಗೆ ಕೂತು ಓದುವವರು ಸಿಕ್ಕರೆ ದೊಡ್ಡ ಉಪಕಾರ.