ಅಪ್‌ಡೇಟ್: ಪಾಯಿಂಟ್ ಮೇಲೆ ಹಳಿ ತಪ್ಪುತ್ತಿದ್ದ ಇಂಜಿನ್

ಮೈಸೂರಿನ ನಮ್ಮ ಮನೆಯ ಎಚ್‌ಒ ಅಳತೆಯ ಮಾದರಿ ರೈಲು ಲೇಔಟ್‌ನಲ್ಲಿ ಸ್ಟೀಮ್ ಇಂಜಿನ್ ಪಾಯಿಂಟ್ (ಹಳಿ ಕವಲೊಡೆಯುವ ಜಾಗ) ದಾಟುವಾಗೆಲ್ಲ ಹಳಿ ತಪ್ಪುತ್ತಿದೆ ಅಂತ ಕೇಳಿದ್ದೆನಲ್ಲ, ಕಾರಣ ಸಿಕ್ಕಿತು. ಎರಡು ಹಳಿಗಳ ನಡುವಿನ ಅಗಲ 16.5 ಮಿ.ಮೀ. ಸರಿಯಾಗೇ ಇತ್ತು. ತೊಂದರೆ ಇದ್ದದ್ದು ಮುಂದಿನ ಚಿಕ್ಕ ಚಕ್ರಗಳಲ್ಲಿ. ಒಂದು ಜೋಡಿಯ ಒಳಮೈಗಳ ನಡುವೆ ಸುಮಾರು 14.4 ಮಿ.ಮೀ. ಇರಬೇಕು, ವರ್ನಿಯರ್ ಕ್ಯಾಲಿಪರ್ ಹಿಡಿದರೆ 13.9 ಬಂತು! ಹಾಗಾಗಿ ಚಕ್ರದ ಒಳಮೈ ಚೆಕ್ ರೈಲಿಗೆ (ಪಾಯಿಂಟಿನಲ್ಲಿ ಚಕ್ರವನ್ನು ಸರಿದಾರಿಯಲ್ಲಿಡುವ ಒಳಗಿನ ಹಳಿ) ಉಜ್ಜಿ ಮೇಲಕ್ಕೆ ಹತ್ತುತ್ತಿತ್ತು. ಚಕ್ರವನ್ನು ತಿರುಚುತ್ತಾ ಆಕ್ಸಲ್ ಮೇಲೆ ಮೆಲ್ಲಗೆ ಹೊರಗೆ ಸರಿಸಿದೆ, ಅಷ್ಟೇ. ಸೀಸದ ತುಂಡು ಅಂಟಿಸಿ ತೂಕ ಹೆಚ್ಚಿಸಿ ಅಂದಿದ್ದಿರಿ. ಅದನ್ನೂ ಮಾಡಿದೆ, ಜಾಸ್ತಿ ವ್ಯತ್ಯಾಸವೇನೂ ಕಾಣಲಿಲ್ಲ. ಈಗ ಮುಂದಕ್ಕೆ ಆರಾಮಾಗಿ ಓಡುತ್ತದೆ. ರಿವರ್ಸ್‌ನಲ್ಲಿ ಮಾತ್ರ ತಿರುವಿನ ಜಾಯಿಂಟ್ ಹತ್ತಿರ ಆಗಾಗ ಕುಪ್ಪಳಿಸುತ್ತದೆ. ಅಲ್ಲಿ ಫಿಶ್‌ಪ್ಲೇಟ್ (ಹಳಿಯ ತುಂಡುಗಳನ್ನು ಜೋಡಿಸುವ ಪಟ್ಟಿ) ಸಡಿಲ ಇರಬೇಕು, ಭಾನುವಾರ ಬಿಚ್ಚಿ ನೋಡುತ್ತೇನೆ.