ಸಹಾಯ ಬೇಕು: ಕೀಮೋ ನಡುವೆ ವಿಟಮಿನ್ ಮಾತ್ರೆ ಕೊಡಬಹುದೇ?

ಅಮ್ಮನಿಗೆ ದೊಡ್ಡ ಕರುಳಿನ ಕ್ಯಾನ್ಸರ್. ಕ್ಯಾಪೆಸಿಟಾಬಿನ್ ಮಾತ್ರೆಯ ಕೀಮೋ ನಡೆಯುತ್ತಿದೆ. ಅವರ ಸುಸ್ತು ನೋಡಲಾರದೆ ಬಂಧುಗಳು ಮಲ್ಟಿವಿಟಮಿನ್, ಅರಿಶಿನದ ಕ್ಯಾಪ್ಸೂಲ್ ತಂದುಕೊಟ್ಟಿದ್ದಾರೆ. ಮಲ್ಟಿವಿಟಮಿನ್ ಡಬ್ಬಿಯ ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ‘ಫೋಲಿಕ್ ಆಮ್ಲ 400 ಮೈಕ್ರೋಗ್ರಾಂ’ ಎಂದಿದೆ. ಈ ಕೀಮೋದ ಅಡ್ಡಪರಿಣಾಮಗಳನ್ನು ಫೋಲಿಕ್ ಆಮ್ಲ ಹೆಚ್ಚಿಸಬಲ್ಲದು. ಆದರೆ ಪೆಮೆಟ್ರೆಕ್ಸೆಡ್ ಎಂಬ ಬೇರೊಂದು ಕೀಮೋ ಔಷಧ ಪಡೆಯುವವರಿಗೆ ವೈದ್ಯರೇ ಫೋಲಿಕ್ ಆಮ್ಲ ಬರೆದುಕೊಡುತ್ತಾರೆ. ಹಾಗಾಗಿ ‘ಅವರಿಗೆ ಒಗ್ಗಿತು, ಇವರಿಗೂ ಒಗ್ಗುತ್ತದೆ’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಕೀಮೋದ ಅಡ್ಡಪರಿಣಾಮದಿಂದ ಅಮ್ಮನ ಅಂಗೈ, ಅಂಗಾಲು ಈಗಾಗಲೇ ಕೆಂಪಾಗಿ ಉರಿಯುತ್ತಿವೆ. ಆಸ್ಪತ್ರೆಗೆ ತಿಳಿಸಿದ್ದೇನೆ, ಡಬ್ಬಿಗಳನ್ನು ಎತ್ತಿಟ್ಟಿದ್ದೇನೆ.

ಕ್ಯಾನ್ಸರ್ ವಿಭಾಗದ ಔಷಧತಜ್ಞರು, ಆಹಾರತಜ್ಞರು ಇಲ್ಲಿದ್ದರೆ ದಯವಿಟ್ಟು ಹೇಳಿ: ರಕ್ತಪರೀಕ್ಷೆಯಲ್ಲಿ ಕೊರತೆ ಕಂಡರೆ ಮಾತ್ರ ವಿಟಮಿನ್ ಕೊಡುವುದು ವಾಡಿಕೆಯೇ? ಅರಿಶಿನದ ಕ್ಯಾಪ್ಸೂಲ್ ಬಗ್ಗೆ ವೈದ್ಯರನ್ನು ಏನೆಂದು ಕೇಳಬೇಕು? ಇದೇ ಹಾದಿಯಲ್ಲಿ ನಡೆದವರು, ಬಂಧುಗಳ ಮನಸ್ಸಿಗೆ ನೋವಾಗದಂತೆ ಬೇಡವೆಂದದ್ದು ಹೇಗೆ?