ನಮ್ಮ ಬೀದಿ ಬೂತಿನ ಲೆಕ್ಕ

ದೊಡ್ಡಪ್ಪ: (ನಮ್ಮ ಮನೆಯವರ ಫೋನ್ ಗುಂಪಿಗೆ ಫಾರ್ವರ್ಡ್ ಆಗಿ ಬಂದ ಚಿತ್ರ. ನಮ್ಮ ವಾರ್ಡಿನ ಬೂತ್‌ವಾರು ಫಲಿತಾಂಶ, ಒಂದು ಬೂತಿಗೆ ಕೆಂಪು ಗೆರೆ.) "ನಮ್ಮ ಲಿಂಗಾಯತರೇ ತುಂಬಿರುವ ಬೂತಿನಲ್ಲಿ 2023ರ ವಿಧಾನಸಭಾ ಚುನಾವಣೆಯಲ್ಲಿ ಬಿಜೆಪಿಗೆ ಹಿನ್ನಡೆ. ಸಮಾಜಕ್ಕೆ ದ್ರೋಹ ಬಗೆದವರು ಯಾರು? ಎಲ್ಲ ಗುಂಪಿಗೂ ಕಳಿಸಿ."

ದೊಡ್ಡಪ್ಪ: ನೋಡ್ರಪ್ಪ, ನಮ್ಮ ಬೀದಿ ಬೂತು ಇದು. ತಲೆ ತಗ್ಗಿಸೋ ಹಾಗಾಯ್ತು.

ದೊಡ್ಡಪ್ಪನ ಮಗ: ಗೊತ್ತಿರೋದೇ ಅಲ್ವಾ ಅಪ್ಪ, ಆ ಕೊನೇ ಎರಡು ಮನೆ. ಪ್ರಚಾರಕ್ಕೆ ಹೋದಾಗ ಬಾಗಿಲೇ ತೆಗೀಲಿಲ್ಲ.

ನಾನು: ಅಣ್ಣಾ, ಬಾಗಿಲು ತೆಗೀಲಿಲ್ಲ ಅಂದ್ರೆ ವೋಟು ಹಾಕಿಲ್ಲ ಅಂತಾನಾ? ಮೂರು ಚುನಾವಣೆಗೆ ಮತಗಟ್ಟೆ ಡ್ಯೂಟಿ ಮಾಡಿದೀನಿ. ಮತದಾರರ ಪಟ್ಟಿಲಿ ಹೆಸರು, ತಂದೆ ಅಥವಾ ಗಂಡನ ಹೆಸರು, ಮನೆ ನಂಬರು, ವಯಸ್ಸು, ಲಿಂಗ ಇರುತ್ತೆ. ಜಾತಿ ಕಾಲಮ್ಮೇ ಇಲ್ಲ. ಫಲಿತಾಂಶದ ಅಂತಿಮ ಹಾಳೆ, ಅಂದ್ರೆ ನಮೂನೆ 20ರಲ್ಲಿ ಬರೋದು ಇಡೀ ಬೂತಿನ ಮೊತ್ತ. ಅದರಿಂದ ಒಂದು ಮನೆ ಕಡೆ ಬೆರಳು ತೋರಿಸೋಕೆ ಆಗಲ್ಲ.

ದೊಡ್ಡಪ್ಪ: ನೀನು ಡ್ಯೂಟಿ ಮಾಡಿರಬಹುದಮ್ಮ. ನಾನು ಈ ಬೀದಿಲಿ ನಲವತ್ತು ವರ್ಷ ಇದೀನಿ. ಯಾರು ಎತ್ತ ಅಂತ ನನಗೆ ಗೊತ್ತಾಗಲ್ವಾ?

ಚಿಕ್ಕಪ್ಪ: ಅಣ್ಣ, ಹಾಗಾದ್ರೆ ನಮ್ಮ ಮನೆಯಿಂದಲೇ ಶುರು ಮಾಡೋಣ. 1984ರ ಡಿಸೆಂಬರ್‌ನಲ್ಲಿ ಲೋಕಸಭೆಗೆ ರಾಜ್ಯದ 28ರಲ್ಲಿ 24 ಸೀಟು ಕಾಂಗ್ರೆಸ್ಸಿಗೆ. ಮೂರೇ ತಿಂಗಳಿಗೆ, 1985ರ ಮಾರ್ಚ್‌ನಲ್ಲಿ, ಅದೇ ಜನ ವಿಧಾನಸಭೆಗೆ ಹೆಗಡೆಯವರ ಜನತಾ ಪಕ್ಷಕ್ಕೆ 139 ಕೊಟ್ರು. ಅಪ್ಪನೂ ಹೆಗಡೆ ಅಂತಾನೇ ಓಡಾಡಿದ್ರು. ಹೆಗಡೆ ನಮ್ಮ ಸಮಾಜದವರಾ?

ಚಿಕ್ಕಪ್ಪ: 1989ರಲ್ಲಿ ಅದೇ ಅಪ್ಪ ವೀರೇಂದ್ರ ಪಾಟೀಲರ ಕಡೆ. ಕಾಂಗ್ರೆಸ್ಸಿಗೆ 178 ಬಂತು. 1990ರಲ್ಲಿ ಕಾಯಿಲೆಯಲ್ಲಿದ್ದ ನಮ್ಮ ಸಮಾಜದ ಪಾಟೀಲರನ್ನ ಮುಖ್ಯಮಂತ್ರಿ ಸ್ಥಾನದಿಂದ ಇಳಿಸಿದ್ರು, 1994ರಲ್ಲಿ ಆ ಪಕ್ಷ 34ಕ್ಕೆ ಬಿತ್ತು. ಲಿಂಗಾಯತರು ಕಾಂಗ್ರೆಸ್ ಬಿಟ್ಟಿದ್ದೇ ಅವತ್ತಿನಿಂದ ಅಂತ ನೀವೇ ಎಷ್ಟು ಸಲ ಹೇಳಿಲ್ಲ? ಅಂದ್ರೆ ಅದಕ್ಕೆ ಮೊದಲು ಅಲ್ಲೇ ಇದ್ವಿ ಅಂತಾಯ್ತಲ್ಲ.

ದೊಡ್ಡಪ್ಪ: ಅದು ಅವಮಾನದ ಪ್ರಶ್ನೆ. ಒಟ್ಟಿಗೆ ಹೋದ್ವಿ, ಒಟ್ಟಿಗೆ ಬಿಟ್ವಿ. ಈಗ ಒಬ್ಬೊಬ್ಬರು ಒಂದೊಂದು ದಾರಿ.

ಚಿಕ್ಕಪ್ಪ: ಒಟ್ಟಿಗೆ ಎಲ್ಲಿ ಅಣ್ಣ? 2013ರ ಚುನಾವಣೆಗೆ ಯಡಿಯೂರಪ್ಪನವರು ಬಿಜೆಪಿ ಬಿಟ್ಟು ಕೆಜೆಪಿ, ಅಂದ್ರೆ ಕರ್ನಾಟಕ ಜನತಾ ಪಕ್ಷದಿಂದ ಹೋದಾಗ ನೀವು ಅವರ ಹಿಂದೆ, ನಾನು ಬಿಜೆಪಿಲೇ. ಹಬ್ಬಕ್ಕೂ ಮಾತಾಡಲಿಲ್ಲ ನಾವು. ಬಿಜೆಪಿ 40ಕ್ಕೆ ಇಳೀತು, ಕೆಜೆಪಿಗೆ 6. ಆ ವರ್ಷ ಯಾರೋ ಇಂಥದೇ ಪಟ್ಟಿ ಹಂಚಿದ್ರೆ ದ್ರೋಹಿ ಅಂತ ನಿಮ್ಮ ಹೆಸರೂ ಬರ್ತಿತ್ತು.

ದೊಡ್ಡಪ್ಪನ ಮಗ: ಹಳೇದು ಬಿಡಿ ಚಿಕ್ಕಪ್ಪ. ಬಿಜೆಪಿಗೆ 2018ರಲ್ಲಿ 104 ಇದ್ದಿದ್ದು 2023ರಲ್ಲಿ 66. ನಮ್ಮವರು ಕೈ ಕೊಡದೆ ಹೇಗಾಯ್ತು?

ನಾನು: ಸೀಟು ಬಿಟ್ಟು ಮತ ನೋಡು ಅಣ್ಣಾ. ಬಿಜೆಪಿಗೆ 2018ರಲ್ಲೂ ಸುಮಾರು ಶೇಕಡ 36, 2023ರಲ್ಲೂ ಸುಮಾರು 36. ಜೆಡಿಎಸ್ 18ರಿಂದ 13ಕ್ಕೆ ಬಂತು, ಕಾಂಗ್ರೆಸ್ 38ರಿಂದ 43ಕ್ಕೆ ಹೋಯ್ತು. ಎದುರಿನ ಮತ ಒಂದು ಕಡೆ ಸೇರಿದಾಗ ಸೀಟು ಹೋಗುತ್ತೆ. ಒಳಗೊಳಗೆ ಆ ಕಡೆಯವರು ಈ ಕಡೆ, ಈ ಕಡೆಯವರು ಆ ಕಡೆ ಹೋಗಿರಬಹುದು, ಅದು ಮೊತ್ತದಲ್ಲಿ ಕಾಣಲ್ಲ. ನಮ್ಮ ಬೂತಿಗೂ ಇದೇ ಮಾತು. ಹೊಸದಾಗಿ ಹೆಸರು ಸೇರಿದವರು, ಮದುವೆಯಾಗಿ ಹೋದವರು, ಅವತ್ತು ಊರಿಗೆ ಬಾರದವರು, ಎಲ್ಲ ಅದರಲ್ಲೇ ಸೇರಿರುತ್ತೆ.

ದೊಡ್ಡಪ್ಪನ ಮಗ: ಹಾಗಾದ್ರೆ ಬೂತ್ ಲೆಕ್ಕ ಯಾಕೆ ಕೊಡ್ತಾರೆ? ಪಕ್ಷದೋರು ಅದನ್ನ ನೋಡಿಯೇ ಕೆಲಸ ಮಾಡೋದು.

ನಾನು: ನನಗೂ ಅದೇ ಸಂಕಟ. ಬ್ಯಾಲೆಟ್ ಪೇಪರ್ ಕಾಲದಲ್ಲಿ ಹಲವು ಬೂತಿನ ಚೀಟಿ ಬೆರೆಸಿ ಎಣಿಸೋಕೆ ಅವಕಾಶ ಇತ್ತು. ಯಂತ್ರ ಬಂದ ಮೇಲೆ ಪ್ರತಿ ಬೂತೂ ಬೆತ್ತಲೆ. 14 ಬೂತಿನ ಯಂತ್ರ ಜೋಡಿಸಿ ಒಟ್ಟು ಮೊತ್ತ ಮಾತ್ರ ತೋರಿಸೋ ಟೋಟಲೈಸರ್ ಬೇಕು ಅಂತ 2008ರಲ್ಲೇ ಚುನಾವಣಾ ಆಯೋಗ ಕೇಳಿತ್ತು, 2015ರಲ್ಲಿ ಕಾನೂನು ಆಯೋಗನೂ ಹೇಳ್ತು. ಇನ್ನೂ ಜಾರಿಗೆ ಬಂದಿಲ್ಲ. ಈ ಬೀದಿ ನಮಗೆ ಹಾಕಿಲ್ಲ, ಚರಂಡಿ ಆಮೇಲೆ ನೋಡೋಣ ಅನ್ನೋ ಮಾತು ಹುಟ್ಟೋದೇ ಇಂಥ ಪಟ್ಟಿಯಿಂದ. ದೊಡ್ಡಪ್ಪ, ಆ ಬೀದಿಲಿ ನೀವೂ ಇದೀರಿ.

ಅತ್ತೆ: ಬೆಳಿಗ್ಗೆಯಿಂದ ಓದ್ತಾ ಇದೀನಿ. ಅಣ್ಣ, ನಾನು ಮೊದಲ ವೋಟು ಹಾಕಿದ್ದು 1983ರಲ್ಲಿ. ಅಪ್ಪ ಹೇಳಿದ ಗುರುತಿಗೆ ಹಾಕಲಿಲ್ಲ. ಮನೆಗೆ ಬಂದು ಹಾಕಿದೆ ಅಂದೆ. ಮದುವೆ ಆದ ಮೇಲೆ ಇವರಿಗೂ ಒಂದು ದಿನ ಹೇಳಿಲ್ಲ, ಇವರೂ ಕೇಳಿಲ್ಲ. ಆ ಪರದೆ ಹಿಂದೆ ನಿಂತಾಗ ಮಾತ್ರ ನಾನು ಯಾರ ಮಗಳೂ ಅಲ್ಲ, ಯಾರ ಹೆಂಡತಿಯೂ ಅಲ್ಲ. ಅದನ್ನೂ ಕಿತ್ಕೊಳ್ಳೋಕೆ ಬರಬೇಡಿ.

ದೊಡ್ಡಪ್ಪ: ನಿನ್ನನ್ನ ಯಾರಮ್ಮ ಅಂದ್ರು?

ಅತ್ತೆ: ಕೊನೇ ಎರಡು ಮನೆ ಅಂದ್ರಲ್ಲ. ಎಡಗಡೆ ಮನೇಲಿ ಆ ತಾಯಿ ಒಬ್ಬರೇ ಇರೋದು, ಮಕ್ಕಳೆಲ್ಲ ಹೊರಗೆ. ರಾತ್ರಿ ಯಾರು ಬಂದ್ರೂ ಬಾಗಿಲು ತೆಗೆಯಲ್ಲ.

ದೊಡ್ಡಪ್ಪನ ಮಗ: ಅವರು ಹಾಕಿರಲಿ ಬಿಡಲಿ, ಸಮಾಜ ಒಗ್ಗಟ್ಟಾಗಿ ಇರಬೇಕು ಅನ್ನೋದರಲ್ಲಿ ತಪ್ಪೇನಿದೆ? ನಮಗೆ ಬೇಕಾದ್ದು ಕೇಳೋಕೆ ಬಲ ಬೇಡ್ವಾ?

ನಾನು: ಕೇಳು ಅಣ್ಣಾ, ಧಾರಾಳವಾಗಿ ಕೇಳು. ಸಭೆ ಕರಿ, ಅಭ್ಯರ್ಥಿ ಮುಂದೆ ನಿಲ್ಲು. ಯಾರು ಯಾರಿಗೆ ಹಾಕಿದ್ರು ಅಂತ ಹುಡುಕೋಕೆ ಮಾತ್ರ ಹೋಗಬೇಡ. ಪ್ರಜಾಪ್ರಾತಿನಿಧ್ಯ ಕಾಯ್ದೆ 94ನೇ ಕಲಂ ನೋಡು, ಸಾಕ್ಷಿ ಕಟ್ಟೆಲಿ ನಿಂತವನನ್ನೂ ಯಾರಿಗೆ ಹಾಕಿದೆ ಹೇಳು ಅಂತ ಒತ್ತಾಯ ಮಾಡೋ ಹಾಗಿಲ್ಲ.

ದೊಡ್ಡಪ್ಪನ ಮಗ: ನಾನು ಒಪ್ಪಲ್ಲ. ಸಂಜೆ ಬರೀತೀನಿ.

ಅತ್ತೆ: ಅಣ್ಣ, ಬೀದಿ ಗುಂಪಿಗೂ ಹಾಕಿದೀರಾ ಇದನ್ನ?

ದೊಡ್ಡಪ್ಪ: ನಾಲ್ಕು ದಿನ ಆಯ್ತು.

ಚಿಕ್ಕಪ್ಪ: ಹಾಗಾದ್ರೆ ಈಗ ಎಲ್ಲರ ಫೋನಿಂದ ಅಳಿಸೋಕೂ ಬರಲ್ಲ.

ಅತ್ತೆ: ಆ ತಾಯಿನೂ ಇದಾರೆ ಆ ಗುಂಪಲ್ಲಿ.

ದೊಡ್ಡಪ್ಪ: ಅವರ ಮನೆಗೆ ಹೋಗಿ ಬರ್ತೀನಿ. ನೀನೂ ಬಾ ಜೊತೆಗೆ, ನಾನೊಬ್ಬನೇ ಹೋದ್ರೆ ಬಾಗಿಲು ತೆಗೀಲಿಕ್ಕಿಲ್ಲ.